ಊಟಕ್ಕೆ ಮೂರು ರೊಟ್ಟಿ

ಹೋಟೆಲಿನ ಲೆಕ್ಕ ನೋಡಿಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಮ್ ಮಾರಲು ಬಂದ ಆ ಮನುಷ್ಯ ನಮ್ಮ ಖಾನಾವಳಿಯಲ್ಲಿ ಅಂದು ಎಷ್ಟು ರೊಟ್ಟಿ ತಿಂದ ಎಂದು ನಾನು ಎಣಿಸಲಿಲ್ಲ. ಆಗ ನಮ್ಮಲ್ಲಿ ಆ ಕೆಟ್ಟ ಚಾಳಿ ಇರಲಿಲ್ಲ. ಈಗ ಮಾತ್ರ, ಸಿಟ್ಟು ಬಂದಾಗಲೆಲ್ಲ, ಆ ಮಧ್ಯಾಹ್ನಕ್ಕೆ ವಾಪಸ್ ಹೋಗಿ ಅವನ ತಾಟಿನ ಮುಂದೆ ಕೂತು ಒಂದೊಂದಾಗಿ ಎಣಿಸಬೇಕು ಎನ್ನಿಸುತ್ತದೆ. ಬುಟ್ಟಿ ಹಿಡಿದು ಬಡಿಸಿದವಳು ನಾನೇ. ಮೂರಕ್ಕೆ ನಿಲ್ಲಲಿಲ್ಲ ಎಂಬುದಂತೂ ಖಂಡಿತ.

ನಮ್ಮ ಖಾನಾವಳಿ ಇದ್ದದ್ದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ. ಮಾವನವರು ಶುರು ಮಾಡಿದ್ದು. ಅವರು ಹೋದ ಮೇಲೆ ದುಡ್ಡಿನ ಗಲ್ಲೆಯ ಮೇಲೆ ನನ್ನ ಗಂಡ, ಅಡುಗೆಮನೆಯಲ್ಲಿ ನಾನು. ಊಟಕ್ಕೆ ಒಂದೇ ದರ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಕಡೆಗೆ ಅನ್ನ ಸಾರು. ಪಲ್ಯ ಎರಡನೇ ಸಲ ಕೇಳಿದರೆ ಮುಖ ನೋಡುತ್ತಿದ್ದೆವು, ಸುಳ್ಳೇಕೆ ಹೇಳಲಿ. ಆದರೆ ರೊಟ್ಟಿಯ ವಿಷಯದಲ್ಲಿ ಮಾವನವರದು ಕಟ್ಟುನಿಟ್ಟು: ಕುಳಿತವನು ತಾಟಿನ ಮೇಲೆ ಕೈ ಅಡ್ಡ ಹಿಡಿಯುವ ತನಕ ಹಾಕಬೇಕು, ಹಾಕಿದ್ದನ್ನು ಎಣಿಸಬಾರದು. ಎಣಿಸಿದ ಅನ್ನ ಉಂಡವನ ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದರು. ನಮ್ಮ ಬಡಿಸುವವರಿಗೆಲ್ಲ ಇದು ಎಷ್ಟು ರೂಢಿಯಾಗಿತ್ತೆಂದರೆ, ರೊಟ್ಟಿ ಹಾಕುವಾಗ ತಾಟು ಬಿಟ್ಟು ಬೇರೆ ಕಡೆ ನೋಡುತ್ತಿದ್ದರು.

ಎಣಿಕೆ ಇದ್ದದ್ದು ಒಂದೇ ಕಡೆ, ಒಲೆಯ ಮುಂದೆ. ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದಾಕೆ ಹಳೇ ಹುಬ್ಬಳ್ಳಿಯಿಂದ ಬರುತ್ತಿದ್ದಳು. ಎಲ್ಲರ ಬಾಯಲ್ಲೂ ಆಕೆ ರೊಟ್ಟಿ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡಾಕೆಯಾದರೂ ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಮಾತು ಕಡಿಮೆ, ಸಿಟ್ಟು ಜಾಸ್ತಿ. ನನಗೆ ಆಕೆ ಹಿಡಿಸಿದ್ದು ಅದಕ್ಕೇ. ಆಕೆಯ ಪಗಾರ ನೂರು ರೊಟ್ಟಿಗೆ ಇಷ್ಟು ಎಂದು. ಬೆಳಿಗ್ಗೆ ಬಂದು ಕೂತರೆ ಏಳುವುದು ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆಯೇ. ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಅಂದಿನ ರೊಟ್ಟಿ ಇಷ್ಟು ಎಂದು ನನ್ನ ಗಂಡನಿಗೆ ಹೇಳುವಳು. ಅವರು ಬರೆದುಕೊಳ್ಳುವರು. ಮಾವನವರ ಕಾಲದಿಂದ ಆ ಮಾತನ್ನು ಒಬ್ಬರೂ ಮರುಪ್ರಶ್ನೆ ಮಾಡಿದ್ದಿಲ್ಲ, ಮಾಡಬೇಕೆಂದು ಹೊಳೆದದ್ದೂ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ವಿದ್ಯಾನಗರದ ಕಡೆ ಹೊಸ ಹೋಟೆಲುಗಳಲ್ಲಿ ಬಿಲ್ಲು ಕಂಪ್ಯೂಟರಿನಿಂದ ಬರತೊಡಗಿತ್ತು. ನನ್ನ ಗಂಡ ಒಂದು ದಿನ ಯಾರದೋ ಜೊತೆ ಅಲ್ಲಿಗೆ ಹೋಗಿ ದೋಸೆ ತಿಂದು ಬಂದರು. ದೋಸೆ ಹೇಗಿತ್ತು ಎಂದು ಕೇಳಿದರೆ ಬಿಲ್ಲು ತೆಗೆದು ತೋರಿಸಿದರು. ಅಂದಿನಿಂದ ಅವರಿಗೆ ತಮ್ಮ ಖಾನಾವಳಿ ಮಾಸಲು ಕಾಣತೊಡಗಿತು.

ಮಾರುವವನು ಧಾರವಾಡದ ಹುಡುಗ. ಇಸ್ತ್ರಿಯ ಅಂಗಿ, ಟೈ, ಮಾತೆಲ್ಲ ಜೇನುತುಪ್ಪ. ನನ್ನ ಗಂಡನಿಗೆ ಸರ್ ಎಂದ, ನನಗೆ ಮೇಡಂ ಎಂದ. ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕೂತವಳಿಗೆ ಮೇಡಂ ಎಂದರೆ ಅವಳು ಆಗಲೇ ಎಚ್ಚರವಾಗಬೇಕಿತ್ತು. ಹನ್ನೆರಡು ಸಾವಿರ, ಒಂದೇ ಸಲ ಎಂದ.

ಆ 'ಒಂದೇ ಸಲ' ನೆನಪಾದರೆ ಇಂದಿಗೂ ಮೈ ಉರಿಯುತ್ತದೆ. ಹನ್ನೆರಡು ಸಾವಿರ ಬರೀ ಪ್ರೋಗ್ರಾಮಿಗೆ, ಕಂಪ್ಯೂಟರ್ ಬೇರೆ. ಕಂಪ್ಯೂಟರ್ ಬಂದ ಮೇಲೆ ಪ್ರಿಂಟರ್ ಬೇರೆ. ನಮ್ಮ ಓಣಿಯ ಕರೆಂಟು ಯಾವಾಗ ಹೋಗುತ್ತದೋ ದೇವರೇ ಬಲ್ಲ, ಅದಕ್ಕೆ ಯುಪಿಎಸ್ ಬೇರೆ. ರಿಬ್ಬನ್ನು, ಕಾಗದದ ಸುರುಳಿ. ಕಲಿಸಿಕೊಡಲು ಎರಡು ದಿನದ ದುಡ್ಡು ತೆಗೆದುಕೊಂಡವನು ಬಂದದ್ದು ಒಂದು ಮಧ್ಯಾಹ್ನ, ಅದರಲ್ಲಿ ಅರ್ಧ ಹೊತ್ತು ಊಟಕ್ಕೆ ಹೋಯಿತು. ಎಲ್ಲ ಮುಗಿಯಿತು ಅಂದುಕೊಂಡಾಗ ವರ್ಷ ವರ್ಷ ನೋಡಿಕೊಳ್ಳುವ ಖರ್ಚು ಎಂದ. ನಾವು ಕೊಂಡ ವಸ್ತುವನ್ನು ಅವನು ನೋಡಿಕೊಳ್ಳುತ್ತಾನಂತೆ, ಅದಕ್ಕೆ ನಾವು ಕೊಡಬೇಕಂತೆ. ಎಮ್ಮೆ ಮಾರಿದವನೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಜೋಳದ ದರ ಏರಿ ಊಟಕ್ಕೆ ಎರಡು ರೂಪಾಯಿ ಹೆಚ್ಚು ಮಾಡಬೇಕಾದಾಗ, ದರ ಬದಲಿಸುವ ಪಾಸ್‌ವರ್ಡ್ ಅವನ ಹತ್ತಿರವೇ ಇದೆ ಎಂದು ಗೊತ್ತಾಯಿತು. ಬಂದು ಒಂದು ಅಂಕಿ ಬದಲಿಸಿ ವಿಸಿಟ್ ಚಾರ್ಜ್ ಎಂದು ಕೈಯೊಡ್ಡಿದ. ಹಿಂದೆ ಆ ಕೆಲಸಕ್ಕೆ ನಮಗೆ ಒಂದು ತುಂಡು ಸೀಮೆಸುಣ್ಣ ಸಾಕಾಗುತ್ತಿತ್ತು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದೆ. ದುಡ್ಡಿನ ಖರ್ಚು ಕಣ್ಣಿಗೆ ಕಾಣುತ್ತದೆ. ನನ್ನ ಸಿಟ್ಟು ಇರುವುದು ಅವನು ಕೊಟ್ಟ ದರಪಟ್ಟಿಯಲ್ಲಿ ಎಲ್ಲೂ ಬರೆಯದ ಖರ್ಚಿನ ಮೇಲೆ.

ಪ್ರೋಗ್ರಾಮ್ ಹಾಕಿದ ದಿನ ಅವನು ಗಲ್ಲೆಯ ಪಕ್ಕ ಕೂತು ಒಂದು ಊಟದಲ್ಲಿ ಏನೇನು ಹೋಗುತ್ತದೆ ಎಂದು ಕೇಳುತ್ತ ತುಂಬಿಸುತ್ತಿದ್ದ. ಒಂದು ಊಟದ ಬಿಲ್ಲು ಹೊರಬಿದ್ದರೆ ಅಷ್ಟು ಸಾಮಾನು ಖರ್ಚಾಯಿತು ಎಂದು ಯಂತ್ರ ತಾನೇ ಕಳೆಯುತ್ತದೆ, ಉಳಿದದ್ದು ಎಷ್ಟಿರಬೇಕೋ ಹೇಳುತ್ತದೆ, ಕಮ್ಮಿ ಬಿದ್ದರೆ ತೋರಿಸುತ್ತದೆ. ಇದೇ ಅದರ ಹೆಚ್ಚುಗಾರಿಕೆ ಎಂದ. ಊಟಕ್ಕೆ ರೊಟ್ಟಿ ಎಷ್ಟು ಎಂದು ಕೇಳಿದ. ನನ್ನ ಗಂಡ, ಅದನ್ನು ನಾವು ಎಣಿಸುವುದಿಲ್ಲ ಎಂದರು. ಜಾಗ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ ಎಂದು ಅವನು ನಕ್ಕ.

"ಹಂಗಾರ ಮೂರು ಬರೀರಿ" ಎಂದರು ನನ್ನ ಗಂಡ.

ಆ ಮೂರು ಎಲ್ಲಿಂದ ಬಂತು ಎಂದು ನಾನು ಬಲ್ಲೆ. ನನ್ನ ಗಂಡ ಗಲ್ಲೆಯ ಮೇಲೆ ಇರುತ್ತಿದ್ದದ್ದು ಎರಡು ಗಂಟೆಯವರೆಗೆ. ಆ ಹೊತ್ತಿಗೆ ಬರುವವರು ಬಟ್ಟೆ ಅಂಗಡಿಯವರು, ಬ್ಯಾಂಕಿನವರು. ಸಕ್ಕರೆ ಕಾಯಿಲೆ, ಹೊಟ್ಟೆಯುಬ್ಬರ ಎನ್ನುತ್ತ ಎರಡಕ್ಕೆ ಕೈ ಅಡ್ಡ ಹಿಡಿಯುವ ಜನ. ಎರಡಾದ ಮೇಲೆ ಅವರು ಮನೆಗೆ ಹೋಗಿ ಅಡ್ಡಾಗುವರು, ನಾನು ಗಲ್ಲೆಗೆ ಬರುವೆ. ಆಗ ಬರುತ್ತಿದ್ದರು ಹಮಾಲರು. ಬೆಳಗಿನಿಂದ ಲಾರಿಯ ಚೀಲ ಹೊತ್ತು ಹಿಂಡಿ ಹಿಪ್ಪೆಯಾಗಿ ಬಂದವರು ರೊಟ್ಟಿ ಮುರಿಯುವುದನ್ನು ನೋಡಿದರೇ ಅಡುಗೆ ಮಾಡಿದವಳಿಗೆ ಹೊಟ್ಟೆ ತುಂಬುತ್ತಿತ್ತು. ಅವರ ಊಟಕ್ಕೂ ಮೂರೇ ರೊಟ್ಟಿ ಎಂದು ಯಂತ್ರ ನಂಬಿತು.

ಇನ್ನು ಬಿಲ್ಲೇ ಇಲ್ಲದ ಊಟಗಳು. ಸೋಮವಾರ ಬರುವ ಅಯ್ಯನವರಿಗೆ ದುಡ್ಡು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪಾತ್ರೆ ತೊಳೆಯುವವರು, ಬಡಿಸುವವರು ಇಲ್ಲಿಯೇ ಉಣ್ಣುವರು. ಮಾವನವರಿಗೆ ಅಕ್ಷರ ಕಲಿಸಿದ ಮಾಸ್ತರರೊಬ್ಬರು ದಿನಾ ಬರುತ್ತಿದ್ದರು, ಅವರದೂ ಹಾಗೇ. ಇವರನ್ನೆಲ್ಲ ಎಲ್ಲಿ ಬರೆಯುವುದು ಎಂದು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಪುಕ್ಕಟೆ ಊಟದ ಲೆಕ್ಕಕ್ಕೆ ಬೇರೆ ಭಾಗ ಬೇಕು, ಅದಕ್ಕೆ ಇನ್ನೂ ನಾಲ್ಕು ಸಾವಿರ ಎಂದ ಹುಡುಗ. ಸದ್ಯ ಬೇಡ ಎಂದರು ನನ್ನ ಗಂಡ. ಹೀಗೆ ನಾಲ್ಕು ಸಾವಿರ ಉಳಿಸಿದೆವು. ಅಯ್ಯನವರು, ಮಾಸ್ತರರು, ನಮ್ಮ ಆಳುಗಳು ಯಾರೂ ಉಂಡೇ ಇಲ್ಲ ಎಂದಾಯಿತು.

ದಸರೆಯ ಖಂಡೇಪೂಜೆಯ ದಿನ ಕಂಪ್ಯೂಟರಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದರು. ನಾನು ಆರತಿ ಹಿಡಿದೆ. ದೀಪಾವಳಿ ಮುಗಿದ ಮೇಲೆ ಮೊದಲ ಸಲ ತಿಂಗಳ ಲೆಕ್ಕದ ಕಾಗದ ಹೊರಗೆ ಬಂತು. ನನ್ನ ಗಂಡ ಚಷ್ಮಾ ಏರಿಸಿ ಅದನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಓದಿದರು. ಅಕ್ಕಿ ಸರಿ, ಬೇಳೆ ಸರಿ. ರೊಟ್ಟಿಯ ಸಾಲಿನಲ್ಲಿ ಮಾತ್ರ, ಬಡಿದದ್ದಾಗಿ ಅಕ್ಕ ಹೇಳಿದ್ದಕ್ಕೂ ಯಂತ್ರ ಉಣಿಸಿದ್ದಕ್ಕೂ ಅಜಗಜಾಂತರ. ಹೆಚ್ಚು ಕಡಿಮೆ ಅರ್ಧದಷ್ಟು ರೊಟ್ಟಿಗೆ ದಿಕ್ಕಿಲ್ಲ.

ನಾನು ಹಮಾಲರ ವಿಷಯ ಹೇಳಿದೆ. ಅಯ್ಯನವರ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು, ಮತ್ತೆ ಕಾಗದ ನೋಡಿದರು. ಅರ್ಧದಷ್ಟು ಹಮಾಲರು ಹೇಗೆ ತಿಂದಾರು ಎಂದರು. ಅಕ್ಕ ಎಣಿಸುವಾಗ ಕೈ ಸಡಿಲ ಬಿಟ್ಟಿರಬೇಕು, ಎಷ್ಟು ವರ್ಷದಿಂದ ಹೀಗೆ ನಡೆದಿದೆಯೋ ಎಂದರು. ಅಪ್ಪ ಒಪ್ಪಿಕೊಂಡು ಬಂದ ಮಾತನ್ನು ಮಗ ಒಂದು ಸುರುಳಿ ಕಾಗದಕ್ಕೆ ಮಾರಿಬಿಟ್ಟರು. ನಾನು ಅಂದೇ ಇದನ್ನು ಅವರ ಮುಖದ ಮೇಲೆ ಹೇಳಿದೆ. ಎರಡು ದಿನ ನಮ್ಮಲ್ಲಿ ಮಾತಿರಲಿಲ್ಲ.

ಆ ಶನಿವಾರ ಅಕ್ಕ ಎಂದಿನಂತೆ ಬಾಗಿಲಿಗೆ ಬಂದು ಎಣಿಕೆ ಹೇಳಿದಳು. ನನ್ನ ಗಂಡ ಪೆನ್ನು ಎತ್ತಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಕಳ್ಳಿ ಎನ್ನುವ ಧೈರ್ಯವೂ ಇಲ್ಲ, ನಂಬುವ ಧೈರ್ಯವೂ ಇಲ್ಲ. ಇಂಥವರ ಬಾಯಿಂದ ಬರುವ ಮಾತು ಬೈಗುಳಕ್ಕಿಂತ ಹೊಲಸಾಗಿರುತ್ತದೆ.

"ಅಕ್ಕಾ, ನೀವು ಎಣಸೂದರಾಗ ಏನರ ಹೆಚ್ಚು ಕಡಿಮಿ ಆಗಾಕತ್ತೈತೇನು?"

ಅಕ್ಕ ಕೈ ಒರೆಸುವುದನ್ನು ನಿಲ್ಲಿಸಿದಳು. "ಯಾರು ಹೇಳಿದ್ರು?"

"ಯಾರೂ ಅಲ್ಲ. ಕಂಪ್ಯೂಟರ್ ತೋರಸತೈತಿ."

ಆಕೆ ಆ ಡಬ್ಬಿಯನ್ನು ನೋಡಿದಳು, ಅದರ ಮೇಲಿನ ಒಣಗಿದ ಮಾಲೆಯನ್ನು ನೋಡಿದಳು. "ಅದು ಅಡಗಿಮನ್ಯಾಗ ಯಾವಾಗ ಬಂದಿತ್ರಿ ಅಣ್ಣಾರ?" ಎಂದು ಕೇಳಿದಳು. ಅವರು ಕಾಗದ ಮುಂದೆ ಹಿಡಿದರು. ಆಕೆಗೆ ಓದು ಬಾರದು. ಕಾಗದ ಮುಟ್ಟಲೂ ಇಲ್ಲ. ನನ್ನ ಕಡೆ ತಿರುಗಿ, ನಾಳೆಯಿಂದ ಬರುವುದಿಲ್ಲ ವೈನಿ ಎಂದಷ್ಟೇ ಹೇಳಿ, ಕೂರಲು ಹಾಸಿಕೊಳ್ಳುತ್ತಿದ್ದ ಗೋಣಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದಳು. ವಾರದ ಪಗಾರ ಗಲ್ಲೆಯ ಮೇಲೆ ಹಾಗೇ ಉಳಿಯಿತು.

ಬೇರೆಯವರು ಸಿಗುತ್ತಾರೆ ಎಂದು ನನ್ನ ಗಂಡ ಅಂದುಕೊಂಡಿದ್ದರು. ರೊಟ್ಟಿ ಬಡಿಯುವ ಹೆಂಗಸರೆಲ್ಲ ಹಳೇ ಹುಬ್ಬಳ್ಳಿಯ ಅದೇ ನಾಲ್ಕು ಓಣಿಗಳವರು, ಒಂದೇ ನಳಕ್ಕೆ ನೀರಿಗೆ ಬರುವವರು. ಸುದ್ದಿ ಆ ಸಂಜೆಗೇ ಮುಟ್ಟಿತ್ತು. ಹೇಳಿ ಕಳಿಸಿದರೆ ಒಬ್ಬಳಿಗೆ ಮೈಯಲ್ಲಿ ಹುಷಾರಿಲ್ಲ, ಇನ್ನೊಬ್ಬಳ ಮನೆಗೆ ಬೀಗರು ಬಂದಿದ್ದಾರೆ. ಇಂದು ಹೆಚ್ಚು ಬಡಿದೆ ಎನ್ನುವ ಮಾತಿಗೆ ನಾಳೆ ಕಳ್ಳಿ ಎನ್ನಿಸಿಕೊಳ್ಳಲು ಯಾರು ಬರುತ್ತಾರೆ? ನಾನೇ ಒಲೆಯ ಮುಂದೆ ಕೂತೆ. ಅಷ್ಟು ರೊಟ್ಟಿ ಬಡಿಯುವುದು ಏನೆಂದು ಆಗ ಗೊತ್ತಾಯಿತು. ರಾತ್ರಿ ಬಾಚಣಿಗೆ ಎತ್ತಲು ಕೈ ಬರುತ್ತಿರಲಿಲ್ಲ.

ನಾನು ಬಡಿದದ್ದನ್ನು ನಾನೇ ಎಣಿಸಿದೆ. ಅಕ್ಕ ಹೇಳುತ್ತಿದ್ದಷ್ಟೇ ಆಗುತ್ತಿತ್ತು, ಬುಟ್ಟಿ ಖಾಲಿಯಾಗುತ್ತಿತ್ತು. ಇದನ್ನು ಹೇಳಿದರೆ ನನ್ನ ಗಂಡ ಏನೆನ್ನಬೇಕು?

"ನಿನ್ನ ರೊಟ್ಟಿ ಸಣ್ಣವು ಅದಾವ. ಅದಕ್ಕ ಜನ ಹೆಚ್ಚು ತಿಂತಾರ."

ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ನಾದುವ ಪರಾತಕ್ಕೆ ಒಗೆದು ಎದ್ದೆ. ಎರಡು ಗಂಟೆ ಆಗಿತ್ತು, ಅವರು ಮನೆಗೆ ಹೊರಟಿದ್ದರು. ಇಂದು ನಿದ್ದೆ ಇಲ್ಲ, ನೀವೇ ಬುಟ್ಟಿ ಹಿಡಿದು ಹಮಾಲರಿಗೆ ಬಡಿಸಿರಿ, ಯಾರು ಎಷ್ಟು ತಿನ್ನುತ್ತಾರೆ ಕಣ್ಣಾರೆ ನೋಡಿರಿ ಎಂದು ಬುಟ್ಟಿ ಅವರ ಕೈಗೆ ತುರುಕಿದೆ. ನನ್ನ ಮುಖ ನೋಡಿ ಅವರು ಬೇಡ ಎನ್ನಲಿಲ್ಲ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹಮಾಲರು ಎರಡು ಸಾಲಾಗಿ ಕೂತರು. ಯಜಮಾನರೇ ಬಡಿಸಲು ಬಂದರೆಂದು ಮೊದಲು ಅವರಿಗೆ ಖುಷಿಯೇ ಆಯಿತು, ಚೇಷ್ಟೆಯನ್ನೂ ಮಾಡಿದರು. ಒಂದು ಸುತ್ತು ಆಯಿತು, ಎರಡು ಸುತ್ತು ಆಯಿತು. ಮೂರನೆಯ ಸುತ್ತಿನಲ್ಲಿ ನೋಡಿದೆ, ನನ್ನ ಗಂಡನ ತುಟಿ ಅಲುಗಾಡುತ್ತಿತ್ತು. ಒಬ್ಬೊಬ್ಬರ ತಾಟು ನೋಡಿ, ತುಟಿಯಲ್ಲೇ ಎಣಿಸಿಕೊಂಡು ಮುಂದೆ ಹೋಗುತ್ತಿದ್ದರು. ಸಾಲಿನ ಕೊನೆಯಲ್ಲಿ ಮಾವನವರ ಕಾಲದಿಂದ ಬರುತ್ತಿದ್ದ ಮುದುಕ ಹಮಾಲ ಕೂತಿದ್ದ. ಅವನು ಅವರ ತುಟಿಯನ್ನೇ ನೋಡುತ್ತಿದ್ದ.

"ಎಣಸಾಕತ್ತೀರೇನ್ರಿ ಯಜಮಾನ್ರ?" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ನನ್ನ ಗಂಡ ಇಲ್ಲ ಇಲ್ಲ ಎಂದು ಅವಸರದಿಂದ ರೊಟ್ಟಿ ಮುಂದೆ ಮಾಡಿದರು. ಮುದುಕ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕಾತ್ರಿ" ಎಂದ. ಪಕ್ಕದವನೂ ಸಾಕೆಂದ. ಹಾಗೇ ಸಾಲು ಪೂರ್ತಿ ಒಬ್ಬರಾದ ಮೇಲೊಬ್ಬರು ಕೈ ಅಡ್ಡ ಹಿಡಿದರು. ಎಣ್ಣೆಗಾಯಿ ತಾಟಿನಲ್ಲಿ ಹಾಗೇ ಇತ್ತು. ಅನ್ನಕ್ಕೂ ಕಾಯದೆ ಕೈ ತೊಳೆದು, ದುಡ್ಡು ಇಟ್ಟು, ಲಾರಿಗಳ ಕಡೆ ಹೋದರು. ಉಣ್ಣುವವರು ನಮ್ಮಲ್ಲಿ ಅರೆಹೊಟ್ಟೆಯಲ್ಲಿ ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳುವೂ ಬಂತು, ಬುಟ್ಟಿ ಹಿಡಿದು ನಿಂತ ಗಂಡನ ಕೊರಳಪಟ್ಟಿ ಹಿಡಿಯಬೇಕು ಎಂದೂ ಅನ್ನಿಸಿತು. ಬುಟ್ಟಿ ತುಂಬ ರೊಟ್ಟಿ ಉಳಿದಿತ್ತು.

ಸಂಜೆ ಅವರು ಆ ದಿನದ ಲೆಕ್ಕದ ಕಾಗದ ತೆಗೆದರು. ರೊಟ್ಟಿಯ ಸಾಲು ಹತ್ತಿರ ಹತ್ತಿರ ಸರಿಹೊಂದಿತ್ತು. ಊಟಕ್ಕೆ ಮೂರು. ಯಂತ್ರದ ಪ್ರಕಾರ ನಮ್ಮ ಖಾನಾವಳಿ ಸರಿಯಾಗಿ ನಡೆದ ದಿನ ಅದೊಂದೇ. ಕಾಗದವನ್ನು ನನ್ನ ಕೈಗೆ ಕೊಟ್ಟು ಅವರು ಗಲ್ಲೆಯ ಮೇಲೆ ತಲೆ ತಗ್ಗಿಸಿ ಕೂತರು. ನಾನು ಸಮಾಧಾನ ಹೇಳಲಿಲ್ಲ. ಹೇಳುವ ಮನಸ್ಸು ಇರಲಿಲ್ಲ.

ಮರುದಿನ ಧಾರವಾಡದ ಹುಡುಗನನ್ನು ಕರೆಸಿದರು. ನಡೆದದ್ದೆಲ್ಲ ಹೇಳಿದರು, ಒಬ್ಬ ಹೆಂಗಸಿನ ಮಾನ ಹೋಯಿತು ಎಂದರು. ಅವನು ತಣ್ಣಗೆ ಕೇಳಿಸಿಕೊಂಡ. ಪ್ರೋಗ್ರಾಮಿನ ತಪ್ಪೇನಿಲ್ಲ, ಅದು ಹೇಳಿದ್ದನ್ನು ಮಾಡಿದೆ ಎಂದ.

"ನೀವ ಮೂರು ಅಂದಿದ್ರಿ ಸರ್. ಐದು ಮಾಡೂಣು, ಆರು ಮಾಡೂಣು, ನಂದೇನಿಲ್ಲ. ವಿಸಿಟ್ ಚಾರ್ಜ್ ಅಷ್ಟ ಆಗತೈತಿ."

ಆ ಮಾತಿಗೆ ನಾನು ಏನೆಂದೆ ಎಂಬುದನ್ನು ಅಚ್ಚು ಹಾಕಲು ಬರುವುದಿಲ್ಲ. ಬ್ಯಾಗು ಎದೆಗೆ ಅವುಚಿಕೊಂಡು ಹೋದವನು ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಆದರೂ ನ್ಯಾಯವಾಗಿ ಹೇಳಬೇಕೆಂದರೆ ಅವನದು ಅರ್ಧ ತಪ್ಪು. ಎಣಿಸಬಾರದ್ದಕ್ಕೆ ಒಂದು ಅಂಕಿ ಹೇಳಿ ಮುಗಿಸಿದವರು ನಮ್ಮವರೇ.

ಆ ಸಂಜೆಯೇ ನಾವಿಬ್ಬರೂ ಹಳೇ ಹುಬ್ಬಳ್ಳಿಗೆ ಹೋದೆವು. ಅಕ್ಕ ಬಾಗಿಲಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದಳು. ಒಳಗೆ ಕರೆದು ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾ ಕೊಟ್ಟಳು. ನನ್ನ ಗಂಡ, ತಪ್ಪು ನನ್ನದು ಎಂದು ತೊದಲದೆ ಹೇಳಿದರು. ಪಕ್ಕದ ಮನೆಯ ಹೆಂಗಸರು ಗೋಡೆಯಾಚೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ದುಡಿಯುವ ಕೈ ಆಕೆಯದೊಂದೇ, ನಮಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಬರುತ್ತೇನೆ ಎಂದಳು.

ಸೋಮವಾರ ಬಂದಳು. ಗೋಣಿ ಹಾಸಿ ಕೂತಳು, ಅದೇ ಕೈ, ಅದೇ ರೊಟ್ಟಿ. ಒಲೆಯಿಂದ ಬುಟ್ಟಿಗೆ ಹೋಗುವ ರೊಟ್ಟಿಯನ್ನು ಹತ್ತತ್ತರಂತೆ ಒಟ್ಟಿ, ಒಂದೊಂದು ಒಟ್ಟಿಗೂ ನನ್ನನ್ನು ಕರೆದು ತೋರಿಸಿದಳು. ಹಾಗೆಲ್ಲ ಬೇಡ ಅಕ್ಕಾ ಎಂದೆ, ಕೇಳಲಿಲ್ಲ, ಒಂದೊಂದು ಒಟ್ಟಿಗೂ ನನ್ನ ಕೈಯಿಂದಲೇ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಸಿದಳು. ಪಂಕ್ತಿ ಮುಗಿದ ಮೇಲೆ ಕೈ ತೊಳೆದು ಬಾಗಿಲಿಗೆ ಬಂದು ನಿಂತಳು. ನನ್ನ ಗಂಡ ಪೆನ್ನು ಹಿಡಿದು ಕಾದರು.

"ಎಷ್ಟಾದ್ವು ಅಕ್ಕಾ?"

"ವೈನೀನ ಕೇಳ್ರಿ. ನಾ ಬಾಯಿಲೆ ಹೇಳೂದಿಲ್ಲ."

ಆಮೇಲೆ ಆಕೆ ಇನ್ನೂ ಆರು ವರ್ಷ ನಮ್ಮಲ್ಲಿ ರೊಟ್ಟಿ ಬಡಿದಳು. ಕಂಪ್ಯೂಟರ್ ಒಂದು ವರ್ಷಕ್ಕೆ ಕೆಟ್ಟಿತು, ನಾವು ರಿಪೇರಿ ಮಾಡಿಸಲಿಲ್ಲ. ಆಕೆ ನಕ್ಕಳು, ಜಗಳಾಡಿದಳು, ನನ್ನ ಮಗಳ ಮದುವೆಯಲ್ಲಿ ಮೂರು ದಿನ ಮುಂದೆ ನಿಂತು ಓಡಾಡಿದಳು. ಎಣಿಕೆಯನ್ನು ಮಾತ್ರ ಹೇಳಲಿಲ್ಲ. ನನ್ನ ಗಂಡ ನಿಮ್ಮ ಮಾತೇ ಸಾಕು ಎಂದು ಎಷ್ಟೋ ಸಲ ಕೈ ಮುಗಿದರು. ಹಾಗೆ ಅಂದ ದಿನ ಆಕೆ ಬಾಗಿಲಿಂದ ಕದಲದೆ, ಅವರು ಒಳಗೆ ಬಂದು ನನ್ನೊಡನೆ ಕೂತು ಗೋಡೆಯ ಗೆರೆ ಎಣಿಸುವ ತನಕ ನಿಂತೇ ಇರುತ್ತಿದ್ದಳು, ಮುಖ ಓಣಿಯ ಕಡೆ ತಿರುಗಿಸಿ.